‘ಅಮ್ಮಂಗೆ ಹೇಳ್ಬೇಡ’: ಶಾಲೆಯ ಊಟದ ಡಬ್ಬಿ ಮತ್ತು ಇಬ್ಬರ ಜಗಳ

ಈ ದಂಪತಿ ನನ್ನ ಹತ್ತಿರ ಬಂದಿದ್ದು ಮಗಳ ಊಟದ ವಿಷಯಕ್ಕೆ. ಗಂಡ ಹೆಂಡತಿ ಜಗಳಕ್ಕಲ್ಲ ಅಂತ ಕೂರುವ ಮೊದಲೇ ಇಬ್ಬರೂ ಹೇಳಿದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಾಯಿಸಿದ್ದೇನೆ, ಹೆಸರು ಎಲ್ಲೂ ಹಾಕಿಲ್ಲ. ಇದೇ ಜಗಳ ಬೇರೆ ಬೇರೆ ರೂಪದಲ್ಲಿ ತುಂಬಾ ಮನೆಗಳಲ್ಲಿ ನಡೆಯುತ್ತಿದೆ, ಅದಕ್ಕೇ ಬರೆಯಬೇಕು ಅನ್ನಿಸಿತು.

ಮಗಳಿಗೆ 8 ವರ್ಷ. ಅಪ್ಪ, ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಬೆಳಗ್ಗೆ ಡಬ್ಬಿ ಕಟ್ಟುವುದು ಅಮ್ಮ. ಬೇಯಿಸಿದ ಕಾಳು, ತರಕಾರಿ, ಮೊಟ್ಟೆ, ಹೆಚ್ಚಿದ ಹಣ್ಣು, ಹೀಗೆ ಒಂದಾದ ಮೇಲೊಂದು. ಶಾಲೆಗೆ ಬಿಡುವುದು ಅಪ್ಪ. ದಾರಿಯಲ್ಲಿ ವಾರಕ್ಕೆ ಮೂರು ನಾಲ್ಕು ದಿನ ಬ್ಯಾಗಿನ ಪಕ್ಕದ ಜೇಬಿಗೆ ಒಂದು ಚಿಪ್ಸ್ ಪ್ಯಾಕೆಟ್ಟೋ, ಕ್ರೀಮ್ ಬಿಸ್ಕತ್ತೋ, ಜ್ಯೂಸ್ ಪ್ಯಾಕೋ ಸೇರುತ್ತಿತ್ತು. ಅದರ ಜೊತೆಗೆ ಒಂದು ಮಾತೂ ಸೇರುತ್ತಿತ್ತು: "ಅಮ್ಮಂಗೆ ಹೇಳ್ಬೇಡ, ಆಯ್ತಾ?"

ವಿಷಯ ಬಯಲಾಗಿದ್ದು ಪೆನ್ಸಿಲ್ ಬಾಕ್ಸಿನಿಂದ. ಪೆನ್ಸಿಲ್ ಚೂಪು ಮಾಡಿಡೋಣ ಅಂತ ಅಮ್ಮ ತೆಗೆದರೆ ಅಡಿಯಲ್ಲಿ ಚಿಪ್ಸ್ ಪ್ಯಾಕೆಟ್ಟಿನ ಖಾಲಿ ಹಾಳೆ. ಮಡಚಿ, ಮತ್ತೆ ಮಡಚಿ, ಎರಡು ಬೆರಳಗಲ ಮಾಡಿ, ಬಿಚ್ಚಿಕೊಳ್ಳಬಾರದು ಅಂತ ಮೇಲೆ ತಲೆಗೆ ಹಾಕುವ ರಬ್ಬರ್ ಬ್ಯಾಂಡ್ ಬಿಗಿದಿದ್ದಳು. ಅಮ್ಮ ಅದನ್ನು ಹಾಗೇ ಪರ್ಸಿನಲ್ಲಿ ಇಟ್ಟುಕೊಂಡು ಬಂದಿದ್ದರು. ನನ್ನ ಮೇಜಿನ ಮೇಲಿಟ್ಟು, "ನೋಡಿ ಮೇಡಂ, ಎಂಟು ವರ್ಷದ ಮಗು ಬಚ್ಚಿಡೋದನ್ನ ಎಷ್ಟು ಅಚ್ಚುಕಟ್ಟಾಗಿ ಕಲ್ತಿದೆ" ಅಂದರು. ಅಪ್ಪ ಅದರ ಕಡೆ ನೋಡಲಿಲ್ಲ.

ಮಗಳನ್ನು ಕೇಳಿದಾಗ "ಫ್ರೆಂಡ್ ಕೊಟ್ಟಿದ್ದು" ಅಂದಳಂತೆ. ಅಮ್ಮ ನಂಬಲಿಲ್ಲ. ಅವತ್ತು ರಾತ್ರಿ ಗಂಡನನ್ನು ಕೇಳಿದರು, ಅವರು ಒಪ್ಪಿಕೊಂಡರು, ಜಗಳ ಶುರುವಾಯಿತು, ಬಾಗಿಲು ಹಾಕಿದ್ದರೂ ಮನೆ ಚಿಕ್ಕದು, ಮಗಳಿಗೆ ಎಲ್ಲ ಕೇಳಿಸಿದೆ. ಆಮೇಲಿನ ವಾರಗಳಲ್ಲಿ ಡಬ್ಬಿ ಮುಟ್ಟದೆ ವಾಪಸ್ ಬರೋದು ಜಾಸ್ತಿಯಾಯಿತು. ಕ್ಲಾಸ್ ಟೀಚರ್ ಕೂಡ "ಮಧ್ಯಾಹ್ನ ಸರಿಯಾಗಿ ತಿನ್ನಲ್ಲ, ಬೇರೆ ಮಕ್ಕಳ ಜೊತೆ ಬದಲಾಯಿಸಿಕೊಳ್ತಾಳೆ" ಅಂದರು. ಆಗ ನನ್ನ ಹತ್ತಿರ ಬಂದರು.

ಮೊದಲ ಭೇಟಿಯಲ್ಲಿ ಅಮ್ಮನ ಮಾತು ಹಲ್ಲಿನಿಂದ ಶುರುವಾಯಿತು. ಮಗಳಿಗೆ ಎರಡು ಹಲ್ಲು ಹುಳುಕಾಗಿ ತುಂಬಿಸಿದ್ದರು. ಅವತ್ತು ರಜೆ ಹಾಕಿ ಕರೆದುಕೊಂಡು ಹೋಗಿದ್ದು ಅಮ್ಮ, ಕುರ್ಚಿಯ ಪಕ್ಕ ನಿಂತು ಕೈ ಹಿಡಿದಿದ್ದು ಅಮ್ಮ, ವೈದ್ಯರ ಹತ್ತಿರ "ಏನು ತಿನ್ನಿಸ್ತೀರಿ ಮಗುಗೆ?" ಅಂತ ಕೇಳಿಸಿಕೊಂಡಿದ್ದೂ ಅಮ್ಮನೇ. ಬ್ಯಾಗಿನ ಪಕ್ಕದ ಜೇಬಿನ ವಿಷಯ ಆಗ ಅವರಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಆ ಪ್ರಶ್ನೆ ಮತ್ತೆ ಮತ್ತೆ ನೆನಪಾಗುತ್ತಿತ್ತಂತೆ. ಆಮೇಲೆ ಒಂದು ಮಾತು ಹೇಳಿದರು: "ನಾನು ಯಾವಾಗ್ಲೂ ಬೇಡ ಅನ್ನೋಳು, ಇವರು ಯಾವಾಗ್ಲೂ ತಗೋ ಅನ್ನೋರು. ಮಗಳಿಗೆ ಯಾರು ಇಷ್ಟ ಆಗ್ತಾರೆ ಹೇಳಿ?" ಚಿಪ್ಸಿಗಿಂತ ಜಾಸ್ತಿ ಅವರನ್ನು ಕೊರೆಯುತ್ತಿದ್ದದ್ದು ಇದು. ಮನೆಯಲ್ಲಿ ಕಷ್ಟದ ಭಾಗವನ್ನು ಒಬ್ಬರೇ ಹೊರುವುದು, ಹೊತ್ತವರೇ ಕೆಟ್ಟವರಾಗುವುದು.

ಅಪ್ಪ ಮೊದಲಿಗೆ ವಾದ ಮಾಡಿದರು. ಒಂದು ಪ್ಯಾಕೆಟ್ಟಿನಿಂದ ಏನಾಗುತ್ತೆ, ನಾವೆಲ್ಲ ತಿಂದು ಬೆಳೆದಿಲ್ವಾ, ಎಲ್ಲ ಮಕ್ಕಳೂ ತರ್ತಾರೆ ಅಂತ. ಸ್ವಲ್ಪ ಹೊತ್ತಾದ ಮೇಲೆ, "ನಿಮ್ಮ ಶಾಲೆ ದಿನಗಳಲ್ಲಿ ಡಬ್ಬಿ ಹೇಗಿತ್ತು?" ಅಂತ ಕೇಳಿದೆ. ಡಬ್ಬಿಯ ಮುಚ್ಚಳವನ್ನು ಪೂರ್ತಿ ತೆಗೆಯದೆ, ಎಡಗೈಯಲ್ಲಿ ಅರ್ಧ ಎತ್ತಿ ಹಿಡಿದು, ಅದರ ಮರೆಯಲ್ಲಿ ತಿನ್ನುತ್ತಿದ್ದರಂತೆ. ಒಳಗಿರುವುದು ಯಾರಿಗೂ ಕಾಣಬಾರದು ಅಂತ. ಕೈ ಎತ್ತಿ ಹೇಗೆ ಹಿಡಿಯುತ್ತಿದ್ದೆ ಅಂತ ತೋರಿಸಿದರು. ಹೆಂಡತಿಗೆ ಇದು ಗೊತ್ತಿರಲಿಲ್ಲ. ಮದುವೆಯಾಗಿ ಅಷ್ಟು ವರ್ಷವಾದರೂ ಇಂಥ ಎಷ್ಟೋ ವಿಷಯ ಮಾತಿಗೇ ಬಂದಿರುವುದಿಲ್ಲ. ಅವರ ಲೆಕ್ಕದಲ್ಲಿ ಮಗಳ ಬ್ಯಾಗಿಗೆ ಹಾಕಿದ ಆ ಬಣ್ಣದ ಪ್ಯಾಕೆಟ್ಟು ತಿಂಡಿಯಲ್ಲ, ಮಗಳು ನಾಲ್ಕು ಜನರ ಮುಂದೆ ಮುಚ್ಚಳ ಪೂರ್ತಿ ತೆಗೆಯಬೇಕು ಅನ್ನುವ ಆಸೆ.

ಈಗ ಮಗಳ ಮಾತು. ಅವಳ ಜೊತೆ ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಿದೆ. "ಯಾಕೆ ತಿನ್ನಲ್ಲ?" ಅಂತ ಕೇಳಲಿಲ್ಲ, ಆ ಪ್ರಶ್ನೆಗೆ ಮಕ್ಕಳು ನಮಗೆ ಬೇಕಾದ ಉತ್ತರ ಕೊಡುತ್ತಾರೆ ಅಷ್ಟೇ. ಬದಲಿಗೆ ಬೆಲ್ ಹೊಡೆದ ಕ್ಷಣದಿಂದ ಏನೇನಾಗುತ್ತೆ ಅಂತ ಹೇಳು ಅಂದೆ. ಚಿಪ್ಸ್ ಇದ್ದ ದಿನ ಅದನ್ನೇ ಮೊದಲು ತಿನ್ನುತ್ತಾಳೆ, ಕಾರಿಡಾರಿನಲ್ಲಿ ನಡೆಯುತ್ತಲೇ, ಬೇಗ ಬೇಗ. ಯಾಕೆಂದರೆ ಉಳಿದರೆ ಬಚ್ಚಿಡಬೇಕು. ಅಷ್ಟರಲ್ಲಿ ಹಸಿವು ಹೋಗಿರುತ್ತದೆ. ಹಣ್ಣನ್ನು ಪಕ್ಕದವಳಿಗೆ ಕೊಡುತ್ತಾಳೆ, ಮಿಕ್ಕಿದ್ದು ವಾಪಸ್ ಬರುತ್ತದೆ. ಅಮ್ಮ ಕೇಳಿದರೆ "ಹೊಟ್ಟೆ ನೋವು" ಅನ್ನುತ್ತಾಳೆ. "ನಿಜ ಹೇಳಿದ್ರೆ ಏನಾಗುತ್ತೆ?" ಅಂದೆ. "ಅಮ್ಮ ಅಪ್ಪಂಗೆ ಬೈತಾರೆ" ಅಂದಳು. ತನಗೆ ಬೈತಾರೆ ಅನ್ನಲಿಲ್ಲ, ಗಮನಿಸಿ. ಈ ಮಗು ಅಪ್ಪನನ್ನು ಕಾಪಾಡುವ ಕೆಲಸ ಮಾಡುತ್ತಿತ್ತು. ಅಮ್ಮನಿಗೆ ಸುಳ್ಳು ಹೇಳಿದ್ದಕ್ಕೆ ಒಳಗೊಳಗೇ ಕೊರಗುತ್ತಲೂ ಇತ್ತು. ಪೆನ್ಸಿಲ್ ಬಾಕ್ಸ್ ಸಿಕ್ಕಿದ ಮೇಲೆ ಚಿಪ್ಸ್ ಸಿಗದ ದಿನವೂ ಊಟ ಸೇರುತ್ತಿರಲಿಲ್ಲ, ಡಬ್ಬಿ ತೆಗೆದರೆ ಆ ರಾತ್ರಿಯ ಜಗಳ ನೆನಪಾಗುತ್ತದಂತೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುವ ಗಾದೆ ಸುಮ್ನೆ ಹುಟ್ಟಿದ್ದಲ್ಲ.

ಇನ್ನೂ ಒಂದೆರಡು ವಿಷಯ ಹೇಳಿದಳು, ದೊಡ್ಡವರು ಯಾರೂ ಕೇಳಿರಲಿಲ್ಲ. ಸೇಬು ಮಧ್ಯಾಹ್ನದ ಹೊತ್ತಿಗೆ ಕಂದು ಬಣ್ಣಕ್ಕೆ ತಿರುಗುತ್ತೆ, ಪಕ್ಕದವರು "ಛೀ" ಅಂತಾರೆ. ಕ್ಯಾರೆಟ್ ಗಟ್ಟಿ, ಮುಂದಿನ ಹಲ್ಲು ಅಲ್ಲಾಡುತ್ತಿದೆ. ಡಬ್ಬಿಯ ಕ್ಲಿಪ್ ತೆಗೆಯೋಕೆ ಬರಲ್ಲ, ಟೀಚರ್ ಹತ್ತಿರ ಹೋಗಬೇಕು, ಹೋಗೋಕೆ ನಾಚಿಕೆ. ಊಟದ ಸಮಯ ಕಡಿಮೆ, ಆಟಕ್ಕೆ ಹೋಗಬೇಕು. ಚಿಪ್ಸ್ ಪ್ಯಾಕೆಟ್ಟಿಗೆ ಈ ತೊಂದರೆ ಒಂದೂ ಇಲ್ಲ. ಹರಿದರೆ ಆಯಿತು, ಬಣ್ಣ ಬದಲಾಗಲ್ಲ, ಹಲ್ಲಿಗೆ ನೋವಿಲ್ಲ, ಯಾರೂ ಛೀ ಅನ್ನಲ್ಲ. ಆರೋಗ್ಯದ ಊಟ ಸೋಲುವುದು ಎಷ್ಟೋ ಸಲ ರುಚಿಯಲ್ಲಲ್ಲ, ಇಂಥ ಸಣ್ಣ ಅಡಚಣೆಗಳಲ್ಲಿ.

ಮುಂದಿನ ಭೇಟಿಗೆ ಮನೆಯಲ್ಲಿರುವ ಪ್ಯಾಕೆಟ್ಟುಗಳನ್ನೆಲ್ಲ ತನ್ನಿ ಅಂದಿದ್ದೆ. ಇಬ್ಬರೂ ತಂದರು. ಲೇಬಲ್ ಓದುವುದನ್ನು ಒಟ್ಟಿಗೆ ಕಲಿಯೋಣ ಅಂತ ನನ್ನ ಉದ್ದೇಶ. ಯಾಕೆಂದರೆ ಅಲ್ಲಿಯವರೆಗೆ ಇಬ್ಬರ ವಾದವೂ ‘ನನಗೆ ಹೀಗೆ ಅನ್ಸುತ್ತೆ’ ಮೇಲೆ ನಿಂತಿತ್ತು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆ ಪ್ರಕಾರ, ದೊಡ್ಡವರಿಗಾಗಲಿ ಮಕ್ಕಳಿಗಾಗಲಿ ದಿನದ ಒಟ್ಟು ಕ್ಯಾಲೊರಿಯಲ್ಲಿ ಹೊರಗಿನಿಂದ ಸೇರುವ ಸಕ್ಕರೆಯ ಪಾಲು 10%ಗಿಂತ ಕಡಿಮೆ ಇರಬೇಕು, 5%ಗಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. ಈ ವಯಸ್ಸಿನ ಮಗುವಿಗೆ ದಿನಕ್ಕೆ ಸುಮಾರು 1,600 ಕ್ಯಾಲೊರಿ ಅಂತ ಇಟ್ಟುಕೊಂಡರೆ 10% ಅಂದರೆ 40 ಗ್ರಾಂ ಸಕ್ಕರೆ, ಸುಮಾರು 10 ಟೀ ಚಮಚ. 5% ಅಂದರೆ 20 ಗ್ರಾಂ. ಅಪ್ಪ ತಂದ 200 ಮಿ.ಲೀ. ಜ್ಯೂಸ್ ಪ್ಯಾಕಿನ ಮೇಲೆ 100 ಮಿ.ಲೀ.ಗೆ 12 ಗ್ರಾಂ ಅಂತಿತ್ತು. ಅಂದರೆ ಒಂದು ಪ್ಯಾಕಿಗೆ 24 ಗ್ರಾಂ, 6 ಚಮಚ. ಅಪ್ಪ ಅದನ್ನು ತಾವೇ ಲೆಕ್ಕ ಹಾಕಿ, ಇನ್ನೊಂದು ಸಲ ಹಾಕಿ, ಪ್ಯಾಕನ್ನು ಕೆಳಗಿಟ್ಟರು. ಹಣ್ಣಿನ ರಸ ಅಲ್ವಾ, ಒಳ್ಳೇದೇ ಅಂದುಕೊಂಡಿದ್ದರು. ಇಡೀ ಹಣ್ಣಿನ ಒಳಗಿರುವ ಸಕ್ಕರೆಯನ್ನು ಆ ಲೆಕ್ಕಕ್ಕೆ ಸೇರಿಸುವುದಿಲ್ಲ, ಆದರೆ ಹಿಂಡಿ ತೆಗೆದ ರಸ ‘ಸಕ್ಕರೆ ಹಾಕಿಲ್ಲ’ ಅಂತ ಬರೆದಿದ್ದರೂ ಲೆಕ್ಕಕ್ಕೆ ಬರುತ್ತದೆ.

ಆಮೇಲೆ ಅಮ್ಮನ ಬಿಸ್ಕತ್ತಿನ ಸರದಿ. ‘ಬಹುಧಾನ್ಯ’ ಅಂತ ದೊಡ್ಡದಾಗಿ ಬರೆದಿದ್ದು, ಡಬ್ಬಿಗೆ ಅವರೇ ಧೈರ್ಯವಾಗಿ ಹಾಕುತ್ತಿದ್ದದ್ದು. ಪ್ಯಾಕೆಟ್ಟಿನ ಮೇಲೆ ಪದಾರ್ಥಗಳ ಪಟ್ಟಿ ಇರುತ್ತಲ್ಲ, ಅದನ್ನು ತೂಕದ ಕ್ರಮದಲ್ಲಿ ಬರೆಯುತ್ತಾರೆ, ಯಾವುದು ಜಾಸ್ತಿಯೋ ಅದು ಮೊದಲು. ಇಲ್ಲಿ ಮೊದಲು ಮೈದಾ, ಎರಡನೆಯದು ಸಕ್ಕರೆ, ಮೂರನೆಯದು ಎಣ್ಣೆ. ಧಾನ್ಯಗಳು ತೀರಾ ಕೆಳಗೆ, ಚೂರುಚೂರು. ಅಪ್ಪನ ಕ್ರೀಮ್ ಬಿಸ್ಕತ್ತಿಗೂ ಇದಕ್ಕೂ ಅಂಥ ವ್ಯತ್ಯಾಸವಿರಲಿಲ್ಲ. ಅಪ್ಪ ಆಗ ಗೆದ್ದೆ ಅನ್ನುವ ಮುಖ ಮಾಡಲಿಲ್ಲ, ಅದು ನನಗೆ ತುಂಬಾ ಸಮಾಧಾನ ಕೊಟ್ಟಿತು. ಹೆಂಡತಿಯ ಕಡೆ ತಿರುಗಿ "ಇದು ನಂಗೂ ಗೊತ್ತಿರ್ಲಿಲ್ಲ" ಅಂದರು, ಅಷ್ಟೇ. ಆ ಭೇಟಿಯಲ್ಲಿ ಇಬ್ಬರೂ ಒಂದೇ ಕಡೆ ಕೂತು ಪ್ಯಾಕೆಟ್ಟನ್ನು ನೋಡಿದರು, ಒಬ್ಬರನ್ನೊಬ್ಬರು ನೋಡಿ ವಾದ ಮಾಡಲಿಲ್ಲ.

ಅಮ್ಮನ ಇನ್ನೊಂದು ದೂರು, ಸಿಹಿ ತಿಂದ ದಿನ ಮಗಳು ಹಿಡಿತಕ್ಕೇ ಸಿಗಲ್ಲ ಅಂತ. ತುಂಬಾ ಜನ ಹೀಗೆ ನಂಬುತ್ತಾರೆ. 1994ರಲ್ಲಿ ಹೂವರ್ ಮತ್ತು ಮಿಲಿಚ್ ಅನ್ನುವ ಇಬ್ಬರು ಸಂಶೋಧಕರು ‘ನನ್ನ ಮಗನಿಗೆ ಸಕ್ಕರೆ ಆಗಲ್ಲ’ ಅನ್ನುವ ತಾಯಂದಿರನ್ನೇ ಕರೆಸಿ, 5ರಿಂದ 7 ವರ್ಷದ ಅವರ ಗಂಡುಮಕ್ಕಳಿಗೆ ಸಕ್ಕರೆಯೇ ಇಲ್ಲದ ಸಿಹಿ ಪಾನೀಯ ಕೊಟ್ಟರು. ಅರ್ಧ ತಾಯಂದಿರಿಗೆ ಮಾತ್ರ ‘ಸಕ್ಕರೆ ಕೊಟ್ಟಿದ್ದೇವೆ’ ಅಂದರು. ಆ ತಾಯಂದಿರಿಗೆ ಮಗ ಜಾಸ್ತಿ ಚೇಷ್ಟೆ ಮಾಡುತ್ತಿರುವ ಹಾಗೆ ಕಂಡಿತು, ಅವರು ಜಾಸ್ತಿ ಗದರಿದರು, ಜಾಸ್ತಿ ಹಿಂದೆ ಹಿಂದೆ ಸುತ್ತಿದರು. ಮಾರನೇ ವರ್ಷ ಬಂದ, ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಶ್ಲೇಷಣೆಯಲ್ಲೂ ಸಕ್ಕರೆಯಿಂದ ಮಕ್ಕಳ ನಡವಳಿಕೆ ಕೆಡುತ್ತದೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಇದನ್ನು ಅಮ್ಮನಿಗೆ ಹೇಳಿದ್ದು ಅವರನ್ನು ತಪ್ಪು ಅನ್ನಿಸಲು ಅಲ್ಲ. ಹಲ್ಲಿನ ವಾದ ಗಟ್ಟಿಯಾಗಿದೆ, ಅದನ್ನು ಇಟ್ಟುಕೊಳ್ಳಿ. ಕುಣಿತದ ವಾದ ಬಿಡಿ, ಅದನ್ನು ಗಂಡ ಒಂದೇ ಏಟಿಗೆ ಬೀಳಿಸಿದರೆ ಜೊತೆಗಿದ್ದ ನಿಜವಾದ ಮಾತೂ ಬಿದ್ದುಹೋಗುತ್ತದೆ.

ಅಪ್ಪನ ಕಡೆಯೂ ನಿಜ ಇತ್ತು. ಪೂರ್ತಿ ನಿಷೇಧ ಮಾಡಿದರೆ ಆಸೆ ಕಡಿಮೆಯಾಗುವುದಿಲ್ಲ. 1999ರಲ್ಲಿ ಜೆನಿಫರ್ ಫಿಶರ್ ಮತ್ತು ಲಿಯಾನ್ ಬರ್ಚ್ ಚಿಕ್ಕ ಮಕ್ಕಳ ಜೊತೆ ಮಾಡಿದ ಪ್ರಯೋಗದಲ್ಲಿ, ಕಣ್ಣಿಗೆ ಕಾಣುವ ಹಾಗೆ ಇಟ್ಟು ಕೈಗೆ ಸಿಗದಂತೆ ಮಾಡಿದ ತಿಂಡಿಯ ಮೇಲೆಯೇ ಮಕ್ಕಳ ಮಾತು, ಬೇಡಿಕೆ, ಗಮನ ಎಲ್ಲ ಜಾಸ್ತಿಯಾಯಿತು. ಹಾಗೇ ‘ತರಕಾರಿ ಮುಗಿಸಿದರೆ ಬಿಸ್ಕತ್ತು’ ಅನ್ನುವ ಲಂಚವೂ ತಿರುಗುಬಾಣವೇ. ಒಂದು ಪಾನೀಯವನ್ನು ಕುಡಿದರೆ ಬಹುಮಾನ ಅಂತ ಕೊಟ್ಟಾಗ ಮಕ್ಕಳಿಗೆ ಆ ಪಾನೀಯವೇ ಮೊದಲಿಗಿಂತ ಕಡಿಮೆ ಇಷ್ಟವಾಗಿದ್ದನ್ನು ಬರ್ಚ್ ಮತ್ತು ಜೊತೆಗಾರರು 1984ರಲ್ಲೇ ತೋರಿಸಿದ್ದರು. ಬಹುಮಾನ ಕೊಟ್ಟು ತಿನ್ನಿಸಬೇಕಾದರೆ ಅದು ಚೆನ್ನಾಗಿರಲಿಕ್ಕಿಲ್ಲ ಅಂತ ಮಗುವಿಗೂ ಅನ್ನಿಸುತ್ತದೆ, ಅಲ್ವಾ? ಈ ಮನೆಯಲ್ಲಿ ಇಬ್ಬರೂ ಈ ಲಂಚವನ್ನು ಬಳಸುತ್ತಿದ್ದರು, ವಿಚಿತ್ರ ಅಂದರೆ ಅದೊಂದರಲ್ಲಿ ಮಾತ್ರ ಒಮ್ಮತವಿತ್ತು.

ಈಗ ನಾನು ಕೊಟ್ಟ ಸಲಹೆಗೆ ಬರುತ್ತೇನೆ. ಎಲ್ಲಕ್ಕಿಂತ ಮೊದಲು ನಿಲ್ಲಬೇಕಾದದ್ದು ಚಿಪ್ಸ್ ಅಲ್ಲ, ಗುಟ್ಟು. ಇದರಲ್ಲಿ ರಾಜಿ ಇಲ್ಲ ಅಂತ ಸ್ಪಷ್ಟವಾಗಿ ಹೇಳಿದೆ. ತಿಂಡಿ ಕೊಟ್ಟು "ಯಾರಿಗೂ ಹೇಳಬೇಡ" ಅನ್ನುವುದು ಮಕ್ಕಳಿಗೆ ಕೇಡು ಮಾಡಲು ಬರುವವರೂ ಬಳಸುವ ದಾರಿ. ಈ ಅಪ್ಪನ ಮನಸ್ಸಿನಲ್ಲಿ ಪ್ರೀತಿ ಬಿಟ್ಟು ಬೇರೇನೂ ಇರಲಿಲ್ಲ. ಆದರೆ ‘ದೊಡ್ಡವರು ಗುಟ್ಟು ಇಟ್ಟುಕೋ ಅಂದರೆ ಇಟ್ಟುಕೊಳ್ಳಬೇಕು’ ಅನ್ನುವುದು ಅಭ್ಯಾಸವಾದರೆ, ನಾಳೆ ಬೇರೆ ಯಾರಾದರೂ ಅದೇ ಮಾತು ಹೇಳಿದಾಗ ಮಗು ಬಾಯಿ ಬಿಡುವುದಿಲ್ಲ. ಅಪ್ಪ ಇದನ್ನು ಕೇಳಿ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಮಗಳಿಗೆ ಏನು ಹೇಳಲಿ ಅಂತ ಕೇಳಿದರು. ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹೀಗೆ ಹೇಳಿ ಅಂದೆ: "ಅಮ್ಮಂಗೆ ಹೇಳ್ಬೇಡ ಅಂತ ಅಪ್ಪ ಅಂದಿದ್ದು ತಪ್ಪು ಪುಟ್ಟಿ. ನಿಂದೇನೂ ತಪ್ಪಿಲ್ಲ. ಇನ್ಮೇಲೆ ಯಾರು ಗುಟ್ಟಾಗಿ ಏನು ಕೊಟ್ರೂ ನೀನು ಬಂದು ನಮಗೆ ಹೇಳು, ನಾವು ಬೈಯಲ್ಲ." ಮುಖ್ಯವಾಗಿ, ಅಮ್ಮ ಆ ಹೊತ್ತಿನಲ್ಲಿ "ನೋಡಿದ್ಯಾ, ನಾನು ಹೇಳಿರ್ಲಿಲ್ವಾ" ಅನ್ನಬಾರದು.

ಅಮ್ಮನಿಗೆ ಹೇಳಿದ್ದು ಬೇರೆ. ಮಗಳು ಮನೆಗೆ ಬಂದ ತಕ್ಷಣ ಡಬ್ಬಿ ತೆಗೆದು ನೋಡುವುದನ್ನು ನಿಲ್ಲಿಸಿ, ಬ್ಯಾಗ್ ಹುಡುಕುವುದನ್ನೂ. ಮೊದಲು ನೀರು ಕೊಡಿ, ಇವತ್ತು ಏನು ಆಟ ಆಡಿದೆ ಅಂತ ಕೇಳಿ. ಉಳಿದಿದ್ದನ್ನು ಆಮೇಲೆ ನೋಡಬಹುದು, ಮಾತಿಲ್ಲದೆ. ಚಿಪ್ಸನ್ನು ‘ವಿಷ’, ‘ಕಸ’ ಅನ್ನಬೇಡಿ. ಪಕ್ಕದ ಮಗುವಿನ ಡಬ್ಬಿಯಲ್ಲಿ ಅದೇ ಇರುತ್ತದೆ, ಮಗಳು ಅಲ್ಲಿ ಹೋಗಿ ಅದನ್ನೇ ಹೇಳಿದರೆ ಇನ್ನೊಂದು ಮಗುವಿಗೆ ನೋವಾಗುತ್ತದೆ. "ದಪ್ಪ ಆಗ್ತೀಯ" ಅನ್ನುವ ಮಾತು ಒಂದೆರಡು ಸಲ ಬಂದಿದೆ ಅಂದರು. ಅದನ್ನು ಪೂರ್ತಿ ಬಿಟ್ಟುಬಿಡಿ ಅಂದೆ. ಮಗುವಿನ ಮೈ ಬಗ್ಗೆ ಊಟದ ಜೊತೆ ಸೇರಿಸಿ ಆಡಿದ ಮಾತು ಹದಿಹರೆಯದಲ್ಲಿ ಬೇರೆ ರೂಪದಲ್ಲಿ ಹೊರಗೆ ಬರುವುದನ್ನು ನಾವು ಸಲಹೆಗಾರರು ನೋಡುತ್ತಲೇ ಇರುತ್ತೇವೆ.

ಎಲಿನ್ ಸ್ಯಾಟರ್ ಅನ್ನುವ ಆಹಾರ ತಜ್ಞೆ ಹೇಳಿಕೊಟ್ಟ ಒಂದು ಹಂಚಿಕೆ ನನಗೆ ಯಾವಾಗಲೂ ಉಪಯೋಗಕ್ಕೆ ಬರುತ್ತದೆ. ಏನು ಕೊಡಬೇಕು, ಯಾವಾಗ, ಎಲ್ಲಿ, ಇದು ಅಪ್ಪ ಅಮ್ಮನ ಕೆಲಸ. ತಿನ್ನಬೇಕಾ ಬೇಡವಾ, ಎಷ್ಟು ತಿನ್ನಬೇಕು, ಇದು ಮಗುವಿನ ಕೆಲಸ. ಶಾಲೆಯ ಡಬ್ಬಿಯ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ, ಯಾಕೆಂದರೆ ಅಲ್ಲಿ ನಾವು ಪಕ್ಕದಲ್ಲಿ ಕೂತಿರುವುದಿಲ್ಲ. ಡಬ್ಬಿ ಮುಚ್ಚಿದ ಮೇಲೆ ನಮ್ಮ ಕೆಲಸ ಮುಗಿಯಿತು. ಅಪ್ಪ ಅಮ್ಮ ಏನು ಹಾಕಬೇಕು ಅನ್ನುವುದನ್ನು ತಮ್ಮತಮ್ಮಲ್ಲೇ ತೀರ್ಮಾನಿಸಬೇಕು, ಮಗಳ ಮುಂದಲ್ಲ, ಮಗಳ ಮೂಲಕ ಅಂತೂ ಅಲ್ಲವೇ ಅಲ್ಲ.

ತೀರ್ಮಾನಕ್ಕೆ ಬರುವುದು ಸುಲಭವಾಗಿರಲಿಲ್ಲ. ಅಪ್ಪ ವಾರಕ್ಕೆ ಮೂರು ದಿನ ಅಂದರು, ಅಮ್ಮ ತಿಂಗಳಿಗೆ ಒಂದು ಸಲ ಅಂದರು. ಎಳೆದಾಡಿ, ಒಂದು ಭೇಟಿ ಅರ್ಧಕ್ಕೇ ನಿಂತು, ಮುಂದಿನ ಸಲ ಒಂದು ಕಡೆ ನಿಂತರು. ವಾರದಲ್ಲಿ ಒಂದು ದಿನ, ಶಾಲೆಯ ಕೊನೆಯ ದಿನ, ಮಗಳು ತನಗೆ ಬೇಕಾದ ಒಂದು ಸಣ್ಣ ಪ್ಯಾಕೆಟ್ಟನ್ನು ತಾನೇ ಆರಿಸಿಕೊಂಡು ಎಲ್ಲರಿಗೂ ಕಾಣುವ ಹಾಗೆ ತೆಗೆದುಕೊಂಡು ಹೋಗುತ್ತಾಳೆ. ಚೆನ್ನಾಗಿ ಓದಿದಳಾ, ಹಿಂದಿನ ದಿನ ಊಟ ಮುಗಿಸಿದಳಾ ಅನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಕಿತ್ತುಕೊಳ್ಳುವ ಹಾಗೂ ಇಲ್ಲ. ಸಿಹಿ ಪಾನೀಯ ಮಾತ್ರ ಶಾಲೆಗೆ ಬೇಡ, ಅಲ್ಲಿ ನೀರು ಸಾಕು, ಇದಕ್ಕೆ ಅಪ್ಪನೇ ಮುಂದಾದರು. ಹಲ್ಲಿಗೆ ಎಷ್ಟು ಸಕ್ಕರೆ ಅನ್ನುವುದರಷ್ಟೇ ಎಷ್ಟು ಸಲ ಅನ್ನುವುದೂ ಮುಖ್ಯ, ಗುಟುಕು ಗುಟುಕಾಗಿ ಮಧ್ಯಾಹ್ನವಿಡೀ ಹೀರಿದರೆ ಹಲ್ಲು ಅಷ್ಟು ಹೊತ್ತೂ ಅದರಲ್ಲೇ ನೆನೆಯುತ್ತಿರುತ್ತದೆ. ಮನೆಯಲ್ಲಿ ಅಪರೂಪಕ್ಕೆ ಊಟದ ಜೊತೆ ಕುಡಿದು ಮುಗಿಸಿದರೆ ಅಷ್ಟು ತೊಂದರೆಯಿಲ್ಲ.

ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಇನ್ನೊಂದು. ವಾರಕ್ಕೆ ಎರಡು ದಿನ ಡಬ್ಬಿಯನ್ನು ಅಪ್ಪ ಕಟ್ಟಬೇಕು. ಏನು ಹಾಕಬೇಕು ಅಂತ ಯೋಚಿಸುವುದು, ಸಾಮಾನು ಇದೆಯಾ ನೋಡುವುದು, ಬೆಳಗ್ಗೆ ಏಳುವುದು, ತೊಳೆಯುವುದು, ಎಲ್ಲ ಸೇರಿ. ಅಮ್ಮ ಆ ದಿನ ಅಡುಗೆಮನೆಗೆ ಬಂದು ತಿದ್ದಬಾರದು. ಮೊದಲ ವಾರವೇ ಅಪ್ಪ ಹೇಳಿದರು, "ಅಷ್ಟು ಕಷ್ಟಪಟ್ಟು ಹಾಕಿದ್ದು ಹಾಗೇ ವಾಪಸ್ ಬಂತು ಮೇಡಂ, ಹೊಟ್ಟೆ ಉರೀತು." ಅಮ್ಮ ಏನೂ ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ. ಟೀಕೆ ಮಾಡುವವರು ಮತ್ತು ಕೆಲಸ ಮಾಡುವವರು ಬೇರೆ ಬೇರೆಯಾಗಿರುವವರೆಗೆ ಈ ಜಗಳ ಮುಗಿಯುವುದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮಗಳಿಗೂ ಇದರಿಂದ ಒಂದು ಲಾಭವಾಯಿತು, ಹಿತದ ಊಟ ಅಮ್ಮನ ಹಟ, ಖುಷಿಯ ತಿಂಡಿ ಅಪ್ಪನ ಪ್ರೀತಿ ಅನ್ನುವ ಲೆಕ್ಕ ತಪ್ಪಿತು.

ಡಬ್ಬಿಯ ಸಣ್ಣ ವಿಷಯಗಳನ್ನೂ ಸರಿ ಮಾಡಿದರು. ಸುಲಭವಾಗಿ ತೆಗೆಯಬಹುದಾದ ಡಬ್ಬಿ, ಅಂಗಡಿಯಲ್ಲಿ ಮಗಳೇ ತೆಗೆದು ಹಾಕಿ ನೋಡಿ ಆರಿಸಿದ್ದು. ಸೇಬಿಗೆ ಎರಡು ಹನಿ ನಿಂಬೆರಸ ಸವರಿದರೆ ಬೇಗ ಕಪ್ಪಾಗುವುದಿಲ್ಲ, ಇಲ್ಲವೇ ಸಿಪ್ಪೆ ಸುಲಿದು ತಿನ್ನುವ ಹಣ್ಣು ಕಳಿಸಬಹುದು. ಕ್ಯಾರೆಟ್ ಅರೆಬೇಯಿಸಿ ತೆಳ್ಳಗೆ ಹೆಚ್ಚುವುದು. ಪ್ರಮಾಣ ಕಡಿಮೆ, ಹತ್ತು ಹದಿನೈದು ನಿಮಿಷದಲ್ಲಿ ಮುಗಿಯುವಷ್ಟು. ಹೊಸ ತರಕಾರಿಯನ್ನು ಮೊದಲ ಸಲ ಶಾಲೆಗೆ ಕಳಿಸಬೇಡಿ, ಮನೆಯಲ್ಲಿ ಒಂದು ಚೂರು ತಟ್ಟೆಯ ಬದಿಗಿಡಿ, ಒತ್ತಾಯ ಬೇಡ. ಹೊಸ ರುಚಿ ನಾಲಿಗೆಗೆ ಒಗ್ಗಲು ಹತ್ತು ಸಲದ ಆಸುಪಾಸು, ಕೆಲವು ಮಕ್ಕಳಿಗೆ ಇನ್ನೂ ಜಾಸ್ತಿ ಸಲ ಬೇಕಾಗುತ್ತದೆ. ಹೆಚ್ಚಿನವರು ಮೂರನೇ ಸಲಕ್ಕೇ ‘ಇದು ಇವಳಿಗೆ ಆಗಲ್ಲ’ ಅಂತ ಕೈಬಿಡುತ್ತಾರೆ.

ಇಬ್ಬರ ನಡುವಿನ ಮಾತಿಗೂ ಒಂದು ಹದ ಬೇಕಿತ್ತು. ಮಗಳು ಮಲಗಿದ ಮೇಲೆ, ಬೆಳಗ್ಗೆಯ ಗಡಿಬಿಡಿಯಲ್ಲಂತೂ ಅಲ್ಲ. "ನೀವು ಯಾವಾಗ್ಲೂ ಹೀಗೇ" ಅಂತ ಶುರುಮಾಡುವ ಬದಲು "ನಂಗೆ ಅವಳ ಹಲ್ಲಿನ ಯೋಚನೆ ರೀ, ಇನ್ನೊಂದ್ಸಲ ಆ ಕುರ್ಚಿ ಮೇಲೆ ಅವಳನ್ನ ನೋಡೋಕಾಗಲ್ಲ" ಅಂತ ಶುರುಮಾಡಿ ನೋಡಿ ಅಂದೆ. ದಾಂಪತ್ಯದ ಬಗ್ಗೆ ದಶಕಗಳ ಕಾಲ ಅಧ್ಯಯನ ಮಾಡಿದ ಜಾನ್ ಗಾಟ್‌ಮನ್ ಹೇಳುವುದು, ಮಾತು ಶುರುವಾದ ಮೊದಲ ಕೆಲವು ನಿಮಿಷಗಳಲ್ಲೇ ಅದು ಎಲ್ಲಿ ಮುಗಿಯುತ್ತದೆ ಅಂತ ಬಹುತೇಕ ಗೊತ್ತಾಗುತ್ತದೆ ಅಂತ. ಅವರದೇ ಇನ್ನೊಂದು ಲೆಕ್ಕ, ಗಂಡ ಹೆಂಡತಿ ನಡುವಿನ ಭಿನ್ನಾಭಿಪ್ರಾಯಗಳಲ್ಲಿ ಸುಮಾರು 69% ಪೂರ್ತಿ ಬಗೆಹರಿಯುವಂಥವಲ್ಲ. ಇದನ್ನು ಕೇಳಿ ಇಬ್ಬರಿಗೂ ಹಗುರವಾದ ಹಾಗೆ ಕಂಡಿತು. ಒಬ್ಬರು ಇನ್ನೊಬ್ಬರನ್ನು ಒಪ್ಪಿಸಲೇಬೇಕು ಅಂತೇನಿಲ್ಲ, ಡಬ್ಬಿಯ ಮಟ್ಟಿಗೆ ಒಂದು ಒಪ್ಪಂದ ಇದ್ದರೆ ಸಾಕು.

ಈಗ ಹೇಗಿದೆ? ಪೂರ್ತಿ ಸರಿಹೋಗಿದೆ ಅಂತ ಹೇಳಲಾರೆ. ಕೆಲವು ದಿನ ಅರ್ಧ ಡಬ್ಬಿ ವಾಪಸ್ ಬರುತ್ತದೆ. ಅಮ್ಮನಿಗೆ ವಾರದ ಆ ಒಂದು ಪ್ಯಾಕೆಟ್ಟೂ ಈಗಲೂ ಇಷ್ಟವಿಲ್ಲ. ಅಪ್ಪ ಒಂದು ದಿನ ಒಪ್ಪಂದ ಮೀರಿ ಮಗಳಿಗೆ ಬಿಸ್ಕತ್ತು ಕೊಡಿಸಿದರು, ಆದರೆ ಸಂಜೆ ತಾವೇ ಹೆಂಡತಿಗೆ ಹೇಳಿದರು. "ಬೈದೆ, ಆದ್ರೆ ಕೋಪ ಬರ್ಲಿಲ್ಲ" ಅಂತ ಅಮ್ಮ ನನಗೆ ಹೇಳಿದರು. ಮಗಳ ‘ಹೊಟ್ಟೆ ನೋವು’ ನಿಂತಿದೆ.

ಇದೇ ಥರದ ತೊಂದರೆ ಇರುವವರಿಗೆ ಒಂದೆರಡು ಮಾತು. ಮಗು ತೂಕ ಕಳೆದುಕೊಳ್ಳುತ್ತಿದ್ದರೆ, ತಿನ್ನುವ ಪದಾರ್ಥಗಳ ಸಂಖ್ಯೆ ದಿನೇ ದಿನೇ ಕಡಿಮೆಯಾಗುತ್ತಿದ್ದರೆ, ಬಾಯಿಗಿಟ್ಟರೆ ಓಕರಿಕೆ ಬರುತ್ತಿದ್ದರೆ, ನುಂಗಲು ಹೆದರುತ್ತಿದ್ದರೆ, ಇದನ್ನು ಡಬ್ಬಿಯ ಜಗಳ ಅಂದುಕೊಂಡು ಕೂರಬೇಡಿ. ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ. ಅಪ್ಪ ಅಮ್ಮ ಬೇರೆ ಬೇರೆ ಮನೆಯಲ್ಲಿ ಇದ್ದರೆ ಎರಡು ಮನೆಯಲ್ಲೂ ಒಂದೇ ನಿಯಮ ಇರಲು ಸಾಧ್ಯವಿಲ್ಲ, ಇರಬೇಕಾಗಿಯೂ ಇಲ್ಲ. ‘ಅಲ್ಲಿ ಏನು ತಿಂದೆ?’ ಅಂತ ಮಗುವಿನ ಬಾಯಿಂದ ವರದಿ ತೆಗೆಯುವುದನ್ನು ಮಾತ್ರ ಇಬ್ಬರೂ ಬಿಡಿ. ಇನ್ನು ಸಂಗಾತಿ ಮಾತಿಗೇ ಬರುತ್ತಿಲ್ಲ ಅನ್ನುವವರು ಬ್ಯಾಗ್ ಹುಡುಕುವುದನ್ನು ನಿಲ್ಲಿಸುವುದರಿಂದ ಶುರುಮಾಡಿ, ಅದಕ್ಕೆ ಯಾರ ಒಪ್ಪಿಗೆಯೂ ಬೇಡ.

ಈ ದಂಪತಿಯ ಈಗಿನ ಪ್ರಶ್ನೆ ಬೇರೆ. ಮುಂದಿನ ವರ್ಷದಿಂದ ಮಗಳ ಕೈಗೆ ಸ್ವಲ್ಪ ದುಡ್ಡು ಕೊಡಬೇಕಾಗುತ್ತದೆ, ಶಾಲೆಯ ಹತ್ತಿರ ಅವಳೇ ಏನಾದರೂ ಕೊಂಡು ತಿಂದರೆ ಏನು ಮಾಡುವುದು ಅಂತ ಅಮ್ಮ ಕೇಳುತ್ತಾರೆ. ಕೊಳ್ಳುತ್ತಾಳೆ, ಖಂಡಿತ ಕೊಳ್ಳುತ್ತಾಳೆ ಅಂತ ಅಪ್ಪ ಹೇಳುತ್ತಾರೆ. ಮುಂದಿನ ಭೇಟಿಗೆ ಅವಳನ್ನೂ ಕರೆದುಕೊಂಡು ಬನ್ನಿ, ಒಂದೆರಡು ಪ್ಯಾಕೆಟ್ಟನ್ನೂ ತನ್ನಿ, ಲೇಬಲ್ ಓದುವುದನ್ನು ಈ ಸಲ ಅವಳಿಗೆ ನೀವಿಬ್ಬರೇ ಹೇಳಿಕೊಡಿ ಅಂದಿದ್ದೇನೆ.